ಮೊದಲು ಒಂದು ಕೆಟ್ಟ ಟಾರ್ಚ್ ಕೊಡಿ

ಸರ್ಕಾರಿ ಶಾಲೆಗಳಲ್ಲಿ ರೋಬೋಟಿಕ್ಸ್ ಕಾರ್ಯಾಗಾರ ನಡೆಸುವ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ ಕಡೆ ನಮ್ಮ ಓಡಾಟ ಜಾಸ್ತಿ. 6ರಿಂದ 9ನೇ ತರಗತಿಯ ಮಕ್ಕಳು. ನಾಲ್ಕು ಜನಕ್ಕೆ ಒಂದು ಕಿಟ್. ಅದರಲ್ಲಿ ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಆರ್ಡುಯಿನೋ ಬೋರ್ಡ್, ಚಕ್ರ ತಿರುಗಿಸುವ ಹಳದಿ ಬಣ್ಣದ ಎರಡು ಬಿಒ ಮೋಟಾರ್, ಬೋರ್ಡಿನ ಮಾತಿನಂತೆ ಮೋಟಾರಿಗೆ ಕರೆಂಟ್ ಕೊಡುವ ಒಂದು ಮೋಟಾರ್ ಡ್ರೈವರ್, ಎದುರಿಗೆ ಏನಾದರೂ ಇದೆಯಾ ಅಂತ ನೋಡುವ ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಹಿಡಿ ಜಂಪರ್ ವೈರ್. ಇವನ್ನು ಜೋಡಿಸಿ ಮಕ್ಕಳು ಒಂದು ಪುಟ್ಟ ಗಾಡಿ ಮಾಡುತ್ತಾರೆ. ಕೊನೆಯ ದಿನ ಸಂಜೆ ಹೊತ್ತಿಗೆ ಆ ಗಾಡಿ ಗೋಡೆಯ ಹತ್ತಿರ ಹೋಗಿ, ಗುದ್ದದೆ ತಿರುಗಿಕೊಳ್ಳುತ್ತದೆ. ಮಕ್ಕಳು ಕೂಗುತ್ತಾರೆ, ಮೇಷ್ಟ್ರು ವಿಡಿಯೋ ಮಾಡುತ್ತಾರೆ, ನಾವು ಕಿಟ್ ಎಣಿಸಿ ಡಬ್ಬಿಗೆ ತುಂಬುತ್ತೇವೆ.

ಆಮೇಲೆ ಶುರು ನನ್ನ ಕೆಲಸ. ಮಕ್ಕಳು ಏನು ಕಲಿತರು ಅಂತ ಬರೆದು ಕೊಡಬೇಕು. ಹಣ ಕೊಟ್ಟವರು ಕೇಳುತ್ತಾರೆ, ಶಾಲೆಯವರು ಕೇಳುತ್ತಾರೆ, ಕೆಲವೊಮ್ಮೆ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಮಕ್ಕಳು ತಾವೇ ಏನಾದರೂ ಮಾಡಿ ನೋಡಲೆಂದು ಇರುವ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳ ಮೇಷ್ಟ್ರುಗಳಿಗೂ ಇದೇ ತಲೆನೋವು. ನೀತಿ ಆಯೋಗ 2016ರಲ್ಲಿ ಈ ಯೋಜನೆ ಶುರು ಮಾಡಿತು. ಒಂದು ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ. 2025ರ ಹೊತ್ತಿಗೆ ದೇಶದಲ್ಲಿ ಸುಮಾರು 10,000 ಲ್ಯಾಬ್ ಇದ್ದವು. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಮಾಡುತ್ತೇವೆ ಅಂತ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ಎಷ್ಟು ಲ್ಯಾಬ್, ಎಷ್ಟು ಕಿಟ್, ಎಷ್ಟು ಮಕ್ಕಳು ಅಂತ ಎಣಿಸುವುದು ಸುಲಭ. ಒಳಗೆ ಏನು ನಡೆಯಿತು ಅಂತ ಹೇಳುವುದೇ ಕಷ್ಟ.

ಸುಲಭದ ದಾರಿ ಅಂದರೆ ಗಾಡಿ ಓಡಿತಾ ಇಲ್ವಾ ಅಂತ ನೋಡುವುದು. ಓಡಿದರೆ ಕಲಿತರು, ಓಡದಿದ್ದರೆ ಕಲಿಯಲಿಲ್ಲ. ಆದರೆ ಒಂದು ಗುಂಪನ್ನು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಒಬ್ಬ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾನೆ, ಅಲ್ಲಿಂದ ಏಳುವುದಿಲ್ಲ. ಇನ್ನೊಬ್ಬ ಸ್ಕ್ರೂಡ್ರೈವರ್ ಹಿಡಿದಿರುತ್ತಾನೆ. ಒಬ್ಬ ಹುಡುಗಿಯ ಕೈಗೆ ನೋಟ್‌ಬುಕ್ ಕೊಟ್ಟು "ನೀನು ಬರ್ಕೋ" ಅಂದಿರುತ್ತಾರೆ. ಅಕ್ಷರ ಚೆನ್ನಾಗಿದೆ ಅನ್ನೋದು ಕಾರಣ. ನಾಲ್ಕನೆಯ ಮಗು ಬ್ಯಾಟರಿ ಡಬ್ಬಿ ಹಿಡಿದುಕೊಂಡು ನಿಂತಿರುತ್ತದೆ. ಗಾಡಿ ಓಡಿದಾಗ ನಾಲ್ಕು ಜನವೂ ಗೆದ್ದರು. ಆದರೆ ನಾಲ್ಕು ಜನ ಕಲಿತದ್ದು ನಾಲ್ಕು ಬೇರೆ ಬೇರೆ ವಿಷಯ. ಬ್ಯಾಟರಿ ಹಿಡಿದ ಮಗು ಏನು ಕಲಿತಿತು ಅಂತ ಗಾಡಿಯನ್ನು ಕೇಳಿದರೆ ಗೊತ್ತಾಗುತ್ತದಾ?

ಅದಕ್ಕೆ ನಾವು ಇಟ್ಟುಕೊಂಡಿರುವ ಅತಿ ಅಗ್ಗದ ಅಳತೆ ಒಂದಿದೆ. ಆಗಾಗ ಒಂದು ಸುತ್ತು ಹೊಡೆದು, ಪ್ರತಿ ಗುಂಪಿನಲ್ಲಿ ಲ್ಯಾಪ್‌ಟಾಪ್ ಯಾರ ಕೈಯಲ್ಲಿದೆ, ಗಾಡಿ ಯಾರ ಕೈಯಲ್ಲಿದೆ ಅಂತ ಹೆಸರಿನ ಮುಂದೆ ಗೀಟು ಹಾಕುವುದು. ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ಆ ಹಾಳೆ ನೋಡಿದರೆ ಯಾರ ಮುಂದೆ ಒಂದೂ ಗೀಟು ಇಲ್ಲ ಅಂತ ಕಾಣುತ್ತದೆ. ಬಹಳ ಸಲ ಅವು ಹುಡುಗಿಯರ ಹೆಸರು. ಊಟ ಆದ ಮೇಲೆ ಜಾಗ ಬದಲಿಸಿ ಕೂರಿಸುತ್ತೇವೆ. ಮೌಲ್ಯಮಾಪನ ಅಂದರೆ ಕೊನೆಯಲ್ಲಿ ಮಾಡುವ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಮಧ್ಯಾಹ್ನವೇ ಗೊತ್ತಾದರೆ ಸಂಜೆಯೊಳಗೆ ಸರಿ ಮಾಡಬಹುದಲ್ವಾ?

ಇನ್ನು ಪ್ರಶ್ನೆಪತ್ರಿಕೆಯ ವಿಷಯ. ಸಂಸ್ಥೆಯಲ್ಲಿ ಮೊದಲಿಂದಲೂ ಒಂದು ಹಾಳೆ ಇತ್ತು. ಕಾರ್ಯಾಗಾರಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಅದೇ ಹಾಳೆ ಇನ್ನೊಂದು ಸಲ. ಸೆನ್ಸರ್ ಎಂದರೇನು? ಮೋಟಾರ್ ಡ್ರೈವರ್‌ನ ಕೆಲಸವೇನು? ಮೊದಲ ದಿನ ಮಕ್ಕಳಿಗೆ ಆ ಶಬ್ದಗಳೇ ಗೊತ್ತಿಲ್ಲ. ಹಾಗಾಗಿ ಅಂಕ ಸೊನ್ನೆಯ ಹತ್ತಿರ. ಕೊನೆಯ ದಿನ ಶಬ್ದ ಕಿವಿಗೆ ಬಿದ್ದಿರುತ್ತದೆ, ಅಂಕ ಏರುತ್ತದೆ. ವರದಿಯಲ್ಲಿ ಗ್ರಾಫ್ ಚೆನ್ನಾಗಿ ಕಾಣುತ್ತದೆ. ಆದರೆ ಅದು ಅಳೆದದ್ದು ಶಬ್ದದ ನೆನಪು. ಶಬ್ದ ಕಲಿಯುವುದೂ ಕಲಿಕೆಯೇ, ಇಲ್ಲ ಅನ್ನಲ್ಲ. ಆದರೆ ಅದಕ್ಕೆ ಇಷ್ಟು ದುಡ್ಡು, ಇಷ್ಟು ವೈರು ಬೇಕಾಗಿರಲಿಲ್ಲ. ಕಪ್ಪು ಹಲಗೆ ಸಾಕಿತ್ತು.

ಆ ಹಾಳೆ ಇಂಗ್ಲಿಷಿನಲ್ಲಿದ್ದರಂತೂ ಮುಗಿದೇ ಹೋಯಿತು. ಪಾವಗಡದ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರ ನೋಡುತ್ತಾರೆ. ಗಾಡಿ ಕೆಟ್ಟಾಗ ತಮ್ಮತಮ್ಮಲ್ಲಿ ಜಗಳ ಆಡುವುದು ತೆಲುಗಿನಲ್ಲಿ. ಒಳ್ಳೆಯ ಯೋಚನೆಯೆಲ್ಲ ಆ ಜಗಳದಲ್ಲೇ ಇರುತ್ತದೆ. ಆ ತಾಲ್ಲೂಕಿಗೆ ಹೋಗುವಾಗ ತೆಲುಗು ಬರುವ ಒಬ್ಬರನ್ನಾದರೂ ನಮ್ಮ ತಂಡದಲ್ಲಿ ಕರೆದುಕೊಂಡು ಹೋಗುತ್ತೇವೆ. ಪಾಠ ಮಾಡುವುದಕ್ಕಿಂತ ಕಿವಿಗೊಡುವುದಕ್ಕೆ ಅವರು ಬೇಕು.

ಹಾಗಾದರೆ ಮೊದಲ ದಿನ, ಮಕ್ಕಳಿಗೆ ಏನೂ ಗೊತ್ತಿಲ್ಲದಾಗ, ಏನನ್ನು ಅಳೆಯುವುದು? ಇಲ್ಲಿ ಬರುತ್ತದೆ ಟಾರ್ಚ್.

ಹಳೇ ಮಾದರಿಯ, ಎರಡು ಸೆಲ್ ಹಾಕುವ, ಬಿಚ್ಚಿ ಜೋಡಿಸಬಹುದಾದ ಬಲ್ಬ್ ಟಾರ್ಚ್. ಅದರಲ್ಲಿ ಒಂದು ದೋಷ ಮೊದಲೇ ಮಾಡಿಟ್ಟಿರುತ್ತೇವೆ. ಒಂದು ಸೆಲ್ ತಿರುಗುಮುರುಗು. ಅಥವಾ ಸ್ಪ್ರಿಂಗ್ ಹತ್ತಿರ ಒಂದು ಚೂರು ಕಾಗದ. ಅಥವಾ ಬಲ್ಬ್ ಸ್ವಲ್ಪ ಸಡಿಲ. ಮಗುವಿನ ಕೈಗೆ ಕೊಟ್ಟು "ಹತ್ತುತ್ತಿಲ್ಲ, ನೋಡಮ್ಮಾ" ಅನ್ನುವುದು. ಮೂರು ನಾಲ್ಕು ನಿಮಿಷ ಸುಮ್ನೆ ನೋಡುವುದು. ಇದಕ್ಕೆ ಯಾವ ಹೊಸ ಪದವೂ ಬೇಡ. ಓದು ಬರಹವೂ ಬೇಡ. ಟಾರ್ಚ್ ನೋಡದ ಮಗು ನಮ್ಮ ಕಡೆ ಇಲ್ಲ. ಕರೆಂಟ್ ಹೋಗುವ ಊರುಗಳು.

ಎಷ್ಟು ಬಗೆಯ ಕೈಗಳು ಕಾಣುತ್ತವೆ ಗೊತ್ತಾ? ಕೆಲವರು ಟಾರ್ಚನ್ನು ಅಂಗೈಗೆ ಬಡಿಯುತ್ತಾರೆ. ಮನೆಯಲ್ಲಿ ಟಿವಿ ರಿಮೋಟ್‌ಗೆ ಮಾಡುವುದೂ ಅದೇ ತಾನೆ. ಒಬ್ಬ ಹುಡುಗ ಸೆಲ್ ಎರಡನ್ನೂ ತೆಗೆದು ಕಿಟಕಿಯ ಬಿಸಿಲಿಗೆ ಇಟ್ಟು ಕಾಯುತ್ತಾ ನಿಂತ. ಅವರ ಅಜ್ಜಿ ಗಡಿಯಾರದ ಸೆಲ್‌ಗೆ ಹಾಗೆ ಮಾಡುತ್ತಾರಂತೆ. ನನಗೆ ನಗು ಬಂತು, ಆದರೆ ಬರೆದುಕೊಂಡೆ. ಆ ಹುಡುಗನ ತಲೆಯಲ್ಲಿ ಒಂದು ಕಾರಣ ಇದೆ: ಸೆಲ್‌ನಲ್ಲಿ ಶಕ್ತಿ ಕಡಿಮೆಯಾಗಿದೆ, ಅದಕ್ಕೇ ಹತ್ತುತ್ತಿಲ್ಲ. ಕಾರಣ ಇಲ್ಲಿಗೆ ಹೊಂದಲಿಲ್ಲ, ಅಷ್ಟೇ. ಬಡಿಯುವವನಿಗಿಂತ ಅವನು ಒಂದು ಮೆಟ್ಟಿಲು ಮುಂದೆ.

ಮೆಟ್ಟಿಲು ಅಂದೆನಲ್ಲ, ನಮ್ಮ ಹಾಳೆಯಲ್ಲಿ ಇರುವುದು ನಾಲ್ಕೇ ಮೆಟ್ಟಿಲು. ಕೆಳಗಿನದು, ಅಲ್ಲಾಡಿಸಿ ನೋಡಿ "ಮಿಸ್, ಆಗ್ತಿಲ್ಲ" ಅಂತ ಕರೆಯುವುದು. ಅದರ ಮೇಲಿನದು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹಾಕುವುದು. ಮೂರನೆಯದು, ಒಂದೊಂದನ್ನೇ ಬದಲಿಸಿ ನೋಡುವುದು. ಮೇಲಿನದು, ಕೆಟ್ಟ ರೀತಿ ನೋಡಿ ಇಂಥದ್ದೇ ಇರಬೇಕು ಅಂತ ಊಹಿಸಿ, ಆ ಊಹೆ ನಿಜವಾ ಅಂತ ತಿಳಿಯಲು ಏನಾದರೂ ಮಾಡುವುದು. ನಮ್ಮೂರ ಪಂಪ್‌ಸೆಟ್ ರಿಪೇರಿಯವರು ಮೋಟಾರ್ ಬಿಚ್ಚುವ ಮೊದಲು ಅದರ ಸದ್ದು ಕೇಳುತ್ತಾರಲ್ಲ, ಹಾಗೆ. ಮೊದಲ ದಿನ ಟಾರ್ಚ್‌ನಲ್ಲಿ ಮಗು ಯಾವ ಮೆಟ್ಟಿಲಲ್ಲಿತ್ತು ಅಂತ ಬರೆದಿಡುತ್ತೇವೆ. ಕೊನೆಯ ದಿನ ದೋಷ ಮಾಡಿದ ಗಾಡಿ ಕೊಟ್ಟು ಮತ್ತೆ ನೋಡುತ್ತೇವೆ. ವಸ್ತು ಬೇರೆ, ಮೆಟ್ಟಿಲು ಅದೇ.

ಗಾಡಿಗೆ ಯಾವ ದೋಷ ಮಾಡಬೇಕು ಅನ್ನುವುದರಲ್ಲೇ ಇದರ ರುಚಿ ಇರುವುದು. ಎಲ್ಲ ದೋಷವೂ ಒಂದೇ ಅಲ್ಲ. ಬ್ಯಾಟರಿಯ ವೈರ್ ಕಿತ್ತಿಟ್ಟರೆ ಕಣ್ಣಿಗೇ ಕಾಣುತ್ತದೆ, ಹುಡುಕಿದ್ದರಲ್ಲಿ ಏನೂ ವಿಶೇಷ ಇಲ್ಲ. ಪ್ರೋಗ್ರಾಂನಲ್ಲಿ ಒಂದು ಅಂಕಿ ಬದಲಿಸಿದರೆ ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಮಾತ್ರ ಗೊತ್ತಾಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಒಂದು ಜೋಡಿ ದೋಷ. ಎರಡರಲ್ಲೂ ಗಾಡಿ ಮಾಡುವುದು ಒಂದೇ: ನಿಂತಲ್ಲೇ ಗಿರಗಿರ ತಿರುಗುತ್ತದೆ.

ಮೊದಲನೆಯದರಲ್ಲಿ ಒಂದು ಮೋಟಾರಿನ ಎರಡು ವೈರ್ ಅದಲುಬದಲು ಮಾಡಿರುತ್ತೇವೆ. ಮುಂದೆ ಹೋಗು ಅಂದಾಗ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಗಾಡಿ ಬುಗುರಿಯಾಗುತ್ತದೆ. ಸೆನ್ಸರ್ ಒಂದು ಶಬ್ದ ಕಳಿಸಿ, ಅದು ಗೋಡೆಗೆ ತಾಗಿ ವಾಪಸ್ ಬರುವ ಹೊತ್ತಿನಿಂದ ದೂರ ತಿಳಿಯುತ್ತದೆ. ಎರಡನೆಯದರಲ್ಲಿ, ಶಬ್ದ ಕಳಿಸು ಅಂತ ಸೆನ್ಸರಿಗೆ ಹೇಳುವ ಟ್ರಿಗ್ ವೈರ್ ಮತ್ತು ವಾಪಸ್ ಬಂದದ್ದನ್ನು ಬೋರ್ಡಿಗೆ ತಿಳಿಸುವ ಎಕೋ ವೈರ್ ಅದಲುಬದಲು. ಸೆನ್ಸರ್ ಏನೂ ಅಳೆಯಲಾಗದೆ ಸೊನ್ನೆ ಕೊಡುತ್ತದೆ. 20 ಸೆಂಟಿಮೀಟರ್‌ಗಿಂತ ಹತ್ತಿರ ಏನಾದರೂ ಇದ್ದರೆ ತಿರುಗು ಅಂತ ಪ್ರೋಗ್ರಾಂನಲ್ಲಿ ಬರೆದಿದೆ. ಸೊನ್ನೆ ಅಂದರೆ 20ಕ್ಕಿಂತ ಕಡಿಮೆಯೇ ಅಲ್ವಾ? ಸರಿ, ಗೋಡೆ ಮೂಗಿಗೆ ತಾಗಿದೆ ಅಂದುಕೊಂಡು ಗಾಡಿ ತಿರುಗುತ್ತಲೇ ಇರುತ್ತದೆ.

ಇದನ್ನು ಬೇರೆ ಮಾಡಿ ಹೇಳುವುದು ಹೇಗೆ? ಕೆಲವರು ಲ್ಯಾಪ್‌ಟಾಪ್‌ನಲ್ಲಿ ಸೆನ್ಸರ್ ಅಂಕಿ ನೋಡುತ್ತಾರೆ. ಕೆಲವರು ಬರೀ "ಮುಂದೆ ಹೋಗು" ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿ ನೋಡುತ್ತಾರೆ. ಎರಡೂ ಸರಿಯೇ. ಮಧುಗಿರಿ ಕಡೆಯ ಒಂದು ಶಾಲೆಯಲ್ಲಿ 8ನೇ ತರಗತಿಯ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ತಿರುಗುತ್ತಿದ್ದ ಗಾಡಿಯ ಮುಂದೆ ಅಂಗೈ ಅಡ್ಡ ಹಿಡಿದಳು. ಗಾಡಿ ತಿರುಗುವುದು ಬಿಟ್ಟು ನೆಟ್ಟಗೆ ಅವಳ ಕೈಗೇ ಬಂದು ಗುದ್ದಿತು. "ಸೆನ್ಸರ್ ಚೆನ್ನಾಗೈತೆ ಕಣೇ, ಚಕ್ರ ಉಲ್ಟಾ ಐತೆ" ಅಂದಳು ಪಕ್ಕದವಳಿಗೆ.

ಯೋಚನೆ ಮಾಡಿ ನೋಡಿ, ಎಷ್ಟು ವಿಷಯ ಅದರಲ್ಲಿದೆ. ಕೈ ಅಡ್ಡ ಬಂದದ್ದು ಗಾಡಿಗೆ ಗೊತ್ತಾಯಿತು, ಅಂದರೆ ಸೆನ್ಸರ್ ಸರಿ ಇದೆ. ಆಗ ಪ್ರೋಗ್ರಾಂ ಹೇಳಿದ್ದು ತಿರುಗು ಅಂತ, ಅಂದರೆ ಒಂದು ಚಕ್ರ ಮುಂದೆ ಒಂದು ಹಿಂದೆ. ಅದರಲ್ಲಿ ಒಂದು ಚಕ್ರ ಉಲ್ಟಾ ಇರುವುದರಿಂದ ಎರಡೂ ಮುಂದಕ್ಕೆ ಹೋದವು. ಇದಿಷ್ಟನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳು ಅಂದಿದ್ದರೆ ಬಹುಶಃ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಹಳೇ ಪ್ರಶ್ನೆಪತ್ರಿಕೆಯಲ್ಲಿ ಅವಳಿಗೆ ಎಷ್ಟು ಅಂಕ ಬರುತ್ತಿತ್ತೋ.

ಈ ಯೋಚನೆ ನಮ್ಮದೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸೀಮೋರ್ ಪೇಪರ್ಟ್ ಮತ್ತು ಅವರ ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಆಮೇಲೆ ಆ ಭಾಷೆಯ ಮಾತು ಕೇಳಿ ನೆಲದ ಮೇಲೆ ಓಡಾಡುವ ಆಮೆ ರೋಬೋ ಬಂತು. ಶಾಲೆಯಲ್ಲಿ ಉತ್ತರ ಸರಿ ಅಥವಾ ತಪ್ಪು, ಎರಡೇ. ಪ್ರೋಗ್ರಾಂ ಬರೆಯುವಾಗ ಹಾಗಲ್ಲ, ತಪ್ಪು ಇದ್ದೇ ಇರುತ್ತದೆ, ಅದನ್ನು ಹುಡುಕಿ ಸರಿ ಮಾಡುವುದೇ ಕೆಲಸ ಅನ್ನುವುದು ಪೇಪರ್ಟ್ ಅವರ ವಾದ. ಇಷ್ಟು ವರ್ಷ ಆದರೂ ರೋಬೋ ಕಾರ್ಯಾಗಾರದ ಕೊನೆಯಲ್ಲಿ ನಾವು ಸರಿ ಓಡಿದ ಗಾಡಿಗೇ ಬಹುಮಾನ ಕೊಡುತ್ತೇವೆ ನೋಡಿ.

ಮಾಡಿದ್ದೆಲ್ಲ ಅರ್ಥವಾಗಿರುತ್ತದೆ ಅಂತಲೂ ಇಲ್ಲ. ಕ್ಯಾರೆನ್ ಬ್ರೆನ್ನನ್ ಮತ್ತು ಮಿಚೆಲ್ ರೆಸ್ನಿಕ್ 2012ರಲ್ಲಿ ಬರೆದ ಪ್ರಬಂಧ ಈ ಕೆಲಸದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಪರದೆಯ ಮೇಲೆ ಬಣ್ಣದ ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಇದೆಯಲ್ಲ, ಅದನ್ನು ಮಾಡಿದ ಎಂಐಟಿ ತಂಡದ ಮುಖ್ಯಸ್ಥರು ರೆಸ್ನಿಕ್. ಮಕ್ಕಳ ಕಲಿಕೆ ನೋಡಲು ಇವರಿಬ್ಬರೂ ಮೂರು ದಾರಿ ಹೇಳುತ್ತಾರೆ. ಮಗು ಮಾಡಿಟ್ಟ ಪ್ರಾಜೆಕ್ಟ್‌ಗಳನ್ನೆಲ್ಲ ನೋಡುವುದು, ಪ್ರಾಜೆಕ್ಟ್ ಮುಂದಿಟ್ಟುಕೊಂಡು ಮಗುವಿನ ಜೊತೆ ಮಾತಾಡುವುದು, ಬೇರೆ ಯಾರೋ ಮಾಡಿದ ಪ್ರಾಜೆಕ್ಟ್ ಕೊಟ್ಟು ವಿವರಿಸು, ದೋಷ ಹುಡುಕು, ಏನಾದರೂ ಸೇರಿಸು ಅನ್ನುವುದು. ಮಾತಾಡಿಸಿದಾಗ ಅವರಿಗೆ ಕಂಡದ್ದೇನೆಂದರೆ, ಮಗುವಿನ ಪ್ರಾಜೆಕ್ಟ್‌ನಲ್ಲಿ ಚೆನ್ನಾಗಿ ಓಡುತ್ತಿರುವ ಬ್ಲಾಕ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ಆ ಮಗುವಿಗೇ ಹೇಳಲಾಗದೆ ಇರಬಹುದು. ಬೇರೆ ಕಡೆಯಿಂದ ತಂದು ಸೇರಿಸಿದ್ದು.

ನಮ್ಮಲ್ಲೂ ಅಷ್ಟೇ. ಪಕ್ಕದ ಗುಂಪಿನ ಪ್ರೋಗ್ರಾಂ ನೋಡಿ ಹಾಕಿಕೊಳ್ಳುವುದು ಮಾಮೂಲು. ಅದು ತಪ್ಪೇನಲ್ಲ, ದೊಡ್ಡ ಎಂಜಿನಿಯರ್‌ಗಳೂ ಮಾಡುತ್ತಾರೆ. ಆದರೆ ಬರೀ ಪ್ರೋಗ್ರಾಂ ನೋಡಿ ಅಂಕ ಹಾಕುವಂತಿಲ್ಲ. ಸ್ಕ್ರ್ಯಾಚ್ ಪ್ರಾಜೆಕ್ಟ್ ಹಾಕಿದರೆ ಬ್ಲಾಕ್‌ಗಳನ್ನು ನೋಡಿ ತಾನೇ ಅಂಕ ಕೊಡುವ ಡಾಕ್ಟರ್ ಸ್ಕ್ರ್ಯಾಚ್ ಎಂಬ ಸಾಧನವನ್ನು ಸ್ಪೇನ್‌ನವರು ಮಾಡಿದ್ದಾರೆ. ಮೇಷ್ಟ್ರಿಗೆ ಒಂದು ಅಂದಾಜು ಸಿಗಲು ಒಳ್ಳೆಯದೇ. ಆದರೆ ನಕಲು ಹೊಡೆದ ಬ್ಲಾಕ್‌ಗೂ ಅದು ಅಷ್ಟೇ ಅಂಕ ಕೊಡುತ್ತದೆ.

ಅದಕ್ಕೇ ಎರಡು ನಿಮಿಷದ ಮಾತು. ಪ್ರೋಗ್ರಾಂನ ಒಂದು ಸಾಲು ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇವೆ. ಉದಾಹರಣೆಗೆ, ಸೆನ್ಸರ್ ದೂರ ಲೆಕ್ಕ ಹಾಕುವಲ್ಲಿ ಎರಡರಿಂದ ಭಾಗಿಸುವ ಸಾಲು ಇದೆ. ಯಾಕೆ ಎರಡು? "ಫಾರ್ಮುಲಾ ಮಿಸ್" ಅನ್ನುವವರು ಬಹಳ. "ಶಬ್ದ ಹೋಗಿ ವಾಪಸ್ ಬರ್ಬೇಕಲ್ವಾ ಮಿಸ್, ನಮಗೆ ಹೋಗೋದು ಮಾತ್ರ ಬೇಕು" ಅನ್ನುವವರೂ ಇದ್ದಾರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ ಅಂತ ಎರಡೂ ಮಕ್ಕಳು ನೋಟ್‌ಬುಕ್‌ನಲ್ಲಿ ಬರೆದುಕೊಂಡಿರುತ್ತಾರೆ. ನೋಟ್‌ಬುಕ್ ನೋಡಿದರೆ ಇಬ್ಬರೂ ಒಂದೇ.

ಇನ್ನೊಂದು ಪ್ರಶ್ನೆ, ನಡೆಸುವ ಮೊದಲು ಹೇಳು ಅನ್ನುವುದು. ಈ ಪರದೆಯ ಮುಂದೆ ಗಾಡಿ ಬಿಡ್ತೀನಿ, ಗೋಡೆ ಮುಂದೆ ತಿರುಗಿದ ಹಾಗೇ ತಿರುಗುತ್ತಾ? ಬಟ್ಟೆ ಶಬ್ದವನ್ನು ನುಂಗುತ್ತದೆ, ಹಾಗಾಗಿ ಗಾಡಿ ಎಷ್ಟೋ ಸಲ ಪರದೆಗೆ ನುಗ್ಗಿಬಿಡುತ್ತದೆ. ಊಹೆ ಸರಿಯಾಯಿತಾ ಅನ್ನುವುದಕ್ಕಿಂತ, ನುಗ್ಗಿದ ಮೇಲೆ ಮಗು ಏನು ಮಾಡಿತು ಅಂತ ನೋಡುತ್ತೇನೆ. ಗೆರೆ ಹಿಡಿದು ಹೋಗುವ ಗಾಡಿಯಲ್ಲೂ ಹೀಗೆ. ಕಿಟಕಿಯ ಬಿಸಿಲು ಬಿದ್ದ ಕಡೆ ಅದು ದಾರಿ ತಪ್ಪುತ್ತದೆ, ಏಕೆಂದರೆ ಅದು ಗೆರೆ ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ, ಬಿಸಿಲಿನಲ್ಲೂ ಆ ಬೆಳಕು ಇದೆ. ಒಂದು ಗುಂಪು ಹೇಳದೆ ಕೇಳದೆ ಕಿಟಕಿ ಬಾಗಿಲು ಹಾಕಿ ಬಂತು. ಅವರ ಹೆಸರಿನ ಮುಂದೆ ನಾನು ಬರೆದದ್ದು ಅಷ್ಟೇ: "ಕಿಟಕಿ ಹಾಕಿದರು." ಓದುವವರಿಗೆ ಅರ್ಥವಾಗದಿದ್ದರೆ ಕೇಳಲಿ, ಹೇಳುತ್ತೇನೆ.

ಚಿತ್ರ ಬರೆಸುವ ಪದ್ಧತಿಯೂ ಇದೆ. ಮೊದಲ ದಿನ ರೋಬೋ ಚಿತ್ರ ಬರಿ ಅಂದರೆ ಚೌಕ ತಲೆ, ಕೈ, ಕಾಲು, ತಲೆ ಮೇಲೆ ಆಂಟೆನಾ. ಕೊನೆಯ ದಿನ ಎಲ್ಲರೂ ಹಳದಿ ಮೋಟಾರಿನ ಗಾಡಿ ಬರೆಯುತ್ತಾರೆ. ವರದಿಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿದರೆ ನೋಡುವವರಿಗೆ ಖುಷಿ. ನನಗೆ ಅಷ್ಟು ಖುಷಿ ಇಲ್ಲ. ಮೊದಲು ರೋಬೋ ಅಂದರೆ ಮನುಷ್ಯನ ಆಕಾರ ಅಂದುಕೊಂಡಿದ್ದರು, ಈಗ ನಮ್ಮ ಕಿಟ್ ಅಂದುಕೊಂಡಿದ್ದಾರೆ. ಹಿಗ್ಗಿತೋ ಕುಗ್ಗಿತೋ?

ಚಿತ್ರದ ಬದಲು ಈಗ ಒಂದು ವಾದದ ಆಟ ಆಡಿಸುತ್ತೇವೆ. ಚೀಟಿಯಲ್ಲಿ ಒಂದೊಂದು ವಸ್ತು: ವಾಷಿಂಗ್ ಮಷೀನ್, ಸೀಲಿಂಗ್ ಫ್ಯಾನ್, ಕೈ ಹಿಡಿದರೆ ನೀರು ಬಿಡುವ ನಲ್ಲಿ, ಬೋರ್‌ವೆಲ್ ಮೋಟಾರಿನ ಆಟೋ ಸ್ಟಾರ್ಟರ್. ಇದು ರೋಬೋ ಹೌದಾ ಅಲ್ವಾ, ಯಾಕೆ? ಆಟೋ ಸ್ಟಾರ್ಟರ್ ಚೀಟಿ ಬಂದರೆ ಸಾಕು, ತರಗತಿ ಎರಡು ಪಾಲಾಗುತ್ತದೆ. ರೈತರ ಮನೆ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ರಾತ್ರಿ ಯಾವಾಗಲೋ ತ್ರೀ ಫೇಸ್ ಕರೆಂಟ್ ಬರುತ್ತದೆ, ಯಾರೂ ತೋಟಕ್ಕೆ ಹೋಗದೆ ಮೋಟಾರ್ ತಾನೇ ಆನ್ ಆಗುತ್ತದೆ. "ಕರೆಂಟ್ ಬಂದಿದ್ದು ಅದಕ್ಕೆ ಗೊತ್ತಾಗುತ್ತೆ, ಗೊತ್ತಾಗಿ ಮೋಟಾರ್ ಹಾಕುತ್ತೆ, ಹಂಗಾರೆ ರೋಬೋನೇ" ಅಂತ ಒಬ್ಬ. "ಬಾವೀಲಿ ನೀರು ಇಲ್ದಿದ್ರೂ ಹಾಕುತ್ತಲ್ಲ, ತಲೆ ಇಲ್ಲ ಅದಕ್ಕೆ" ಅಂತ ಇನ್ನೊಬ್ಬ. "ಹಂಗಾರೆ ನೀರಿಂದೂ ಒಂದು ಸೆನ್ಸರ್ ಹಾಕು" ಅಂತ ಮೂರನೆಯವಳು. ಸರಿಯುತ್ತರ ನನ್ನ ಹತ್ತಿರವೂ ಇಲ್ಲ. ಗಮನಿಸುವುದು ಎಂಜಿನಿಯರ್‌ಗಳ ಹಾಗೆ ಅವರು ಬೇರೆ ಬೇರೆ ಮಾಡಿ ನೋಡುತ್ತಾರಾ ಅಂತ: ತಿಳಿಯುವ ಭಾಗ ಯಾವುದು, ನಿರ್ಧರಿಸುವ ಭಾಗ ಯಾವುದು, ಕೆಲಸ ಮಾಡುವ ಭಾಗ ಯಾವುದು. ಮೊದಲ ದಿನದ ವಾದ "ಅದಕ್ಕೆ ಕೈಕಾಲು ಇಲ್ಲ" ಅನ್ನುವಲ್ಲಿಗೆ ಮುಗಿದಿರುತ್ತದೆ.

ಪಾವಗಡದಲ್ಲಿ ಈ ವಾದ ಇನ್ನೊಂದು ಕಡೆ ಹೋಗುತ್ತದೆ. ಅಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟ್. ಪ್ಯಾನೆಲ್ ಮೇಲೆ ಧೂಳು ಕೂತರೆ ಕರೆಂಟ್ ಕಡಿಮೆ ಅಂತ ಆ ಭಾಗದ ಮಕ್ಕಳಿಗೆ ನಾವು ಹೇಳಬೇಕಿಲ್ಲ. ಪ್ಯಾನೆಲ್ ಒರೆಸುವ ಗಾಡಿ ಮಾಡೋಣ ಅಂತ ಅವರೇ ಹೇಳುತ್ತಾರೆ. ಕಿಟ್‌ನಲ್ಲಿ ಕಲಿತದ್ದನ್ನು ಕಿಟ್ ಆಚೆಗೆ ಒಯ್ಯುತ್ತಾರಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ? ಓರೆಯಾದ ಗಾಜಿನ ಮೇಲೆ ಚಕ್ರ ಜಾರುತ್ತದಲ್ಲ, ಅಂಚಿಗೆ ಬಂದದ್ದು ಗಾಡಿಗೆ ಹೇಗೆ ಗೊತ್ತಾಗಬೇಕು? "ಸೆನ್ಸರ್‌ನ ಕೆಳಮುಖ ಮಾಡೋಣ, ನೆಲ ದೂರ ಆದ್ರೆ ಅಂಚು ಬಂತು ಅಂತ" ಅಂದ ಮಗುವಿಗೆ ಯಾವ ಪರೀಕ್ಷೆ ಬೇಕು ಹೇಳಿ.

ನಗುಮುಖದ ಹಾಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಳುವ ಮುಖದಿಂದ ನಗುವ ಮುಖದವರೆಗೆ ಐದು ಮುಖ, ನಿಮಗೆ ಹೇಗೆ ಅನಿಸಿತು ಅಂತ ಗುರುತು ಹಾಕಿ ಅನ್ನುವುದು. ಇದನ್ನು ಮಾಡಿದ ಸಂಶೋಧಕರು ಜಾನೆಟ್ ರೀಡ್ ಮತ್ತು ಸ್ಟುವರ್ಟ್ ಮ್ಯಾಕ್‌ಫರ್ಲೇನ್ ಅವರೇ, ಚಿಕ್ಕ ಮಕ್ಕಳು ಹೆಚ್ಚಾಗಿ ಅತಿ ದೊಡ್ಡ ನಗುವನ್ನೇ ಆರಿಸುತ್ತಾರೆ ಅಂತ ಗಮನಿಸಿದ್ದಾರೆ. ನಮ್ಮಲ್ಲಿ ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರಂತೂ ಕೇಳಲೇಬೇಡಿ. ಅವರದೇ ಇನ್ನೊಂದು ಹಾಳೆ ಇದೆ, ಅದು ನಮಗೆ ಹೊಂದಿತು. ಮಾಡಿದ ಕೆಲಸಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಮತ್ತೆ ಮಾಡ್ತೀಯಾ? ಹೌದು, ಮಾಡಿದರೂ ಮಾಡಬಹುದು, ಇಲ್ಲ. ಇದರಲ್ಲಿ ಮಕ್ಕಳು ನಿಜ ಹೇಳುತ್ತಾರೆ. ಸ್ಕ್ರೂ ಬಿಗಿಯುವುದಕ್ಕೆ "ಇಲ್ಲ" ಅಂತ ಬಹಳ ಜನ ಹಾಕುತ್ತಾರೆ. ನಮ್ಮ ಕಿಟ್‌ನ ಸ್ಕ್ರೂ ಅಷ್ಟು ಚಿಕ್ಕವು, ಪಾಪ.

ಇದೆಲ್ಲ ಸರಿ, ಶೇಕಡಾ ಎಷ್ಟು ಅಂತ ಹಣ ಕೊಟ್ಟವರು ಕೇಳಿದರೆ? ಕೇಳಿಯೇ ಕೇಳುತ್ತಾರೆ. ಅವರ ಹಾಳೆಯಲ್ಲಿ ಒಂದು ಕಾಲಂ ಇರುತ್ತದೆ, "ವಿಮರ್ಶಾತ್ಮಕ ಚಿಂತನೆಯಲ್ಲಿ ಸುಧಾರಣೆ". ಎರಡು ಮೂರು ದಿನದಲ್ಲಿ ಅದು ಎಷ್ಟು ಏರಿತು ಅಂತ ಬರೆಯುವುದು ಸುಳ್ಳು ಹೇಳಿದಂತೆ. ಈ ಕ್ಷೇತ್ರದಲ್ಲಿ ಇದು ಹಳೇ ಕಾಯಿಲೆ. ಬ್ರೆಜಿಲ್‌ನ ಸಂಶೋಧಕಿ ಫಾಬಿಯಾನೆ ಬೆನಿಟ್ಟಿ 2012ರಲ್ಲಿ ಶಾಲೆಗಳ ರೋಬೋಟಿಕ್ಸ್ ಬಗ್ಗೆ ಬಂದ ಅಧ್ಯಯನಗಳನ್ನು ಜಾಲಾಡಿದರು. ಅಳತೆ ಇಟ್ಟು ಮಾಡಿದ್ದು ಅಂತ ಅವರು ಆರಿಸಿಕೊಳ್ಳಲು ಆದದ್ದು 10 ಮಾತ್ರ. ಉಳಿದ ಬಹುಪಾಲು, ನಾವು ಹೀಗೆ ಮಾಡಿದೆವು, ಮಕ್ಕಳು ಖುಷಿಪಟ್ಟರು ಅನ್ನುವ ಬಗೆಯವು. ನಮ್ಮ ಹಳೇ ವರದಿಗಳೂ ಆ ಸಾಲಿನವೇ.

ನಾವು ಈಗ ಕಳಿಸುವುದು ಎರಡು ಪುಟ. ಮೊದಲ ಪುಟದಲ್ಲಿ ಅಂಕಿ ಇರುತ್ತದೆ: ಟಾರ್ಚ್‌ನಲ್ಲಿ ಎಷ್ಟು ಮಕ್ಕಳು ಯಾವ ಮೆಟ್ಟಿಲಲ್ಲಿದ್ದರು, ಗಾಡಿಯಲ್ಲಿ ಎಷ್ಟು ಮಕ್ಕಳು ಯಾವ ಮೆಟ್ಟಿಲಲ್ಲಿದ್ದರು. ಕೆಳಗಿಳಿದವರೂ ಇರುತ್ತಾರೆ, ಅದನ್ನೂ ಬರೆಯುತ್ತೇವೆ. ಎರಡನೇ ಪುಟದಲ್ಲಿ ಇಬ್ಬರು ಮಕ್ಕಳ ಕಥೆ, ಹೆಸರಿಲ್ಲದೆ. ಒಬ್ಬರು ಚೆನ್ನಾಗಿ ಮುಂದೆ ಬಂದವರು, ಒಬ್ಬರು ಬರದವರು. ಎರಡನೆಯದನ್ನು ತೆಗೆಯಿರಿ ಅಂತ ಒಂದು ಕಡೆಯಿಂದ ಮಾತು ಬಂತು. ನಾವು ತೆಗೆಯಲಿಲ್ಲ. ಟಾರ್ಚೂ ಗಾಡಿಯೂ ಒಂದೇ ಕಷ್ಟದವು ಅಲ್ಲ, ಹಾಗಾಗಿ ಈ ಅಂಕಿ ಪಕ್ಕಾ ಅಳತೆ ಅಲ್ಲ ಅಂತ ಮೊದಲ ಪುಟದ ಕೆಳಗೇ ಬರೆದಿರುತ್ತೇವೆ.

ಶಿರಾದ ಒಂದು ಶಾಲೆಯಲ್ಲಿ ಹಿರಿಯ ಮೇಷ್ಟ್ರು ಒಬ್ಬರು ನಮ್ಮ ಮೆಟ್ಟಿಲ ಹಾಳೆ ನೋಡಿ, "ಇದು ನಲಿ-ಕಲಿ ಅಲ್ವೇನಮ್ಮಾ?" ಅಂದರು. ಹೌದು, ಹೆಚ್ಚುಕಡಿಮೆ ಅದೇ. ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು 1995ರಲ್ಲಿ ಶುರು ಮಾಡಿದ ಪದ್ಧತಿ ಅದು. ಕಲಿಕೆಯ ಏಣಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವುದು, ಯಾರು ಎಲ್ಲಿದ್ದಾರೆ ಅಂತ ಗೋಡೆಯ ಪಟ್ಟಿಯಲ್ಲಿ ಗುರುತು. ನಮ್ಮ ರಾಜ್ಯದ ಶಿಕ್ಷಕರಿಗೆ ಈ ಬಗೆಯ ಮೌಲ್ಯಮಾಪನ ಹೊಸದೇನಲ್ಲ. ಕಿಟ್ ನೋಡಿ ಹೆದರಿ ಹಿಂದೆ ಸರಿಯುತ್ತಾರೆ ಅಷ್ಟೇ. ಅಂದಿನಿಂದ ಮೆಟ್ಟಿಲು ಗುರುತಿಸುವ ಕೆಲಸಕ್ಕೆ ತರಗತಿಯ ಶಿಕ್ಷಕರನ್ನೇ ಜೊತೆಗೆ ಕೂರಿಸಿಕೊಳ್ಳುತ್ತೇವೆ. ಒಂದೇ ಮಗುವನ್ನು ಇಬ್ಬರೂ ನೋಡಿ ಬೇರೆ ಬೇರೆ ಬರೆದು, ಆಮೇಲೆ ಹೋಲಿಸುತ್ತೇವೆ. ಭಿನ್ನಾಭಿಪ್ರಾಯ ಬಂದರೆ ಒಳ್ಳೆಯದೇ, ಮಾತಾಡುತ್ತೇವೆ. "ಅವನು ಯಾವಾಗಲೂ ಹಾಗೇ ಮೇಡಂ, ತಲೇಲಿ ಇರುತ್ತೆ, ಬಾಯಿ ಬಿಡಲ್ಲ" ಅಂತ ಅವರು ಹೇಳುವುದು ನಮಗೆ ಎರಡು ದಿನದಲ್ಲಿ ಗೊತ್ತಾಗುವ ವಿಷಯ ಅಲ್ಲ.

ಕೆಲವು ವಾರ ಬಿಟ್ಟು ಅದೇ ಶಿಕ್ಷಕರಿಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳೂ ಚಿಕ್ಕವು. ಶಾಲೆಯಲ್ಲಿರುವ ಕಿಟ್ ಡಬ್ಬಿ ತೆರೆದಿದ್ದಾರಾ? ಬೀರುವಿನ ಕೀಲಿ ಯಾರ ಹತ್ತಿರ ಇದೆ? ಯಾರಾದರೂ ಮಗು ಏನಾದರೂ ಕೇಳಿಕೊಂಡು ಬಂತಾ? ಕೀಲಿಯ ಪ್ರಶ್ನೆ ತಮಾಷೆ ಅನಿಸಬಹುದು. ಎಲ್ಲಕ್ಕಿಂತ ಹೆಚ್ಚು ವಿಷಯ ತಿಳಿಯುವುದು ಅದರಿಂದಲೇ.

ಇದನ್ನು ತಮ್ಮ ಶಾಲೆಯಲ್ಲಿ ಮಾಡಿ ನೋಡುವವರಿಗೆ ಕೆಲಸದ ಮಾತು ಒಂದೆರಡು. ಎಲ್ಲ ಮಕ್ಕಳನ್ನೂ ಒಂದೇ ದಿನ ನೋಡಲು ಹೋಗಬೇಡಿ, ಒಂದು ಅವಧಿಗೆ ನಾಲ್ಕೈದು ಮಕ್ಕಳು ಸಾಕು. ನೋಡುವಾಗ ಕೈ ಹಿಂದೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ನಿಮಗೇ ಗೊತ್ತಿಲ್ಲದೆ ವೈರ್ ಸರಿ ಮಾಡಿಬಿಡುತ್ತೀರಿ. ನಮ್ಮ ತಂಡಕ್ಕೆ ಹೊಸದಾಗಿ ಸೇರುವ ಎಂಜಿನಿಯರಿಂಗ್ ಹುಡುಗರಿಗೆ ಇದೇ ಬಹಳ ಕಷ್ಟ. ಗಾಡಿಗೆ ಚೌಕದ 9 ವೋಲ್ಟ್ ಬ್ಯಾಟರಿ ಬೇಡ. ಎರಡು ಮೋಟಾರ್ ಎಳೆಯುವಷ್ಟು ಕರೆಂಟ್ ಅದು ಕೊಡುವುದಿಲ್ಲ, ಬೋರ್ಡ್ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತದೆ. ಆಗ ನೀವು ಮಾಡಿದ ದೋಷ ಯಾವುದು, ಬ್ಯಾಟರಿಯ ದೋಷ ಯಾವುದು ಅಂತ ನಿಮಗೂ ತಿಳಿಯುವುದಿಲ್ಲ. ಮಾಡಿಟ್ಟ ದೋಷವನ್ನು ಪ್ರತಿ ತಂಡಕ್ಕೂ ಬದಲಿಸಿ. ಮೊದಲು ಮುಗಿಸಿ ಹೊರಗೆ ಹೋದವರು ಮುಂದಿನವರಿಗೆ ಹೇಳಿಯೇ ಹೇಳಿರುತ್ತಾರೆ.